ಪರದೆಯಿಲ್ಲದ ಯಂತ್ರ

ಗಣಕಯಂತ್ರವೆಂದೊಡನೆ ಸಾಮಾನ್ಯರ ಕಣ್ಣಮುಂದೆ ನಿಲ್ಲುವುದು ಒಂದು ಪರದೆ, ಅದರ ಮುಂದೆ ಒಂದು ಕೀಲಿಮಣೆ, ಪಕ್ಕದಲ್ಲಿ ಒಂದು ಮೌಸ್. ಆದರೆ ಅನೇಕರ ಕೆಲಸವನ್ನು ಒಟ್ಟಾಗಿ ಹೊತ್ತು ನಡೆಸುವ ಯಂತ್ರಗಳಿಗೆ ಬಹುಮಟ್ಟಿಗೆ ಇವು ಮೂರೂ ಇರುವುದಿಲ್ಲ. ಸರ್ವರ್ ಎಂದು ಕರೆಯಲ್ಪಡುವ ಇಂಥ ಯಂತ್ರಗಳು ಯಾವುದೋ ಬೀಗ ಹಾಕಿದ ಕೋಣೆಯಲ್ಲಿ, ವಿದ್ಯುತ್ತಿನ ಒಂದು ತಂತಿ ಮತ್ತು ಜಾಲದ ಒಂದು ತಂತಿ ಇವೆರಡನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ದುಡಿಯುತ್ತವೆ. ಇವುಗಳಿಗೆ ‘ಹೆಡ್‌ಲೆಸ್’ ಎಂದು ಹೆಸರು. ರುಂಡವಿಲ್ಲದ ಮುಂಡವೆಂದರೆ ಮಾತು ಕಠೋರವಾದೀತು. ಪರದೆಯಿಲ್ಲದ ಯಂತ್ರವೆಂದರೆ ಸಾಕು. ಎಲ್ಲವೂ ನೆಟ್ಟಗಿರುವವರೆಗೆ ಈ ಕೊರತೆ ಯಾರ ಅರಿವಿಗೂ ಬರುವುದಿಲ್ಲ. ಯಂತ್ರದ ಒಳಗಿನ ಕಾರ್ಯಾಚರಣ ವ್ಯವಸ್ಥೆಯೇ ಅಳಿದುಹೋಗಿ, ಹೊಸದೊಂದನ್ನು ದೂರದಲ್ಲಿ ಕುಳಿತು ಜಾಲದ ಮೂಲಕವೇ ಹೂಡಬೇಕಾಗಿ ಬಂದಾಗ ಮಾತ್ರ, ಕಾಣದ ವಸ್ತುವಿನೊಡನೆ ವ್ಯವಹರಿಸುವುದೆಂದರೇನೆಂಬುದು ಮನುಷ್ಯನಿಗೆ ತಿಳಿಯುತ್ತದೆ.

ಧಾರವಾಡದಲ್ಲಿ ನೆಲಸಿರುವ ನಿವೃತ್ತ ಭೌತಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಈ ತಿಳಿವು ಬಂದುದು 2024ರ ಮೇ ತಿಂಗಳಲ್ಲಿ. ಅವರು ತಮ್ಮ ಸೇವಾವಧಿಯ ಬಹುಭಾಗವನ್ನು ಕಳೆದುದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಕಚೇರಿಯಲ್ಲಿ ಬದಲಿಸಿದ ಸರ್ವರೊಂದನ್ನು ಶಾಲೆಗೆ ದಾನವಾಗಿ ಕೊಟ್ಟಿದ್ದರು. ಅಧ್ಯಾಪಕರು ಅದರಲ್ಲಿ ಗ್ರಂಥಾಲಯದ ಪಟ್ಟಿಯನ್ನು ಇರಿಸುವ ‘ಕೋಹಾ’ ಎಂಬ ತಂತ್ರಾಂಶವನ್ನು ನೆಲೆಗೊಳಿಸಿದರು. ನ್ಯೂಜಿಲೆಂಡಿನ ಒಂದು ಸಣ್ಣ ಪ್ರಾಂತದ ಗ್ರಂಥಾಲಯಕ್ಕಾಗಿ ಹುಟ್ಟಿ 2000ದ ಜನವರಿಯಲ್ಲಿ ಕೆಲಸಕ್ಕೆ ತೊಡಗಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಮಾವೊರಿ ಭಾಷೆಯಲ್ಲಿ ‘ಕೋಹಾ’ ಎಂದರೆ ಕಾಣಿಕೆಯೆಂದೇ ಅರ್ಥ. ದಾನದ ಯಂತ್ರದಲ್ಲಿ ಕಾಣಿಕೆಯ ತಂತ್ರಾಂಶ. ಅದರೊಳಗೆ ಹಲವು ಬೇಸಿಗೆಗಳ ರಜೆಯಲ್ಲಿ ಮಕ್ಕಳು ಕುಳಿತು ಒಂದೊಂದಾಗಿ ಬರೆದು ಸೇರಿಸಿದ ಪುಸ್ತಕಗಳ ಹೆಸರುಗಳು. ನಿವೃತ್ತಿಯ ತರುವಾಯವೂ ಅಧ್ಯಾಪಕರು ಮನೆಯಿಂದಲೇ ಜಾಲದ ಮೂಲಕ ಅದರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದರು.

ಈ ಕಥೆಗೆ ಒಂದು ಹಿಂದಿನ ಭಾಗವುಂಟು. 2021ರಲ್ಲಿ, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ, ಅಧ್ಯಾಪಕರು ಮನೆಯಲ್ಲಿ ಕುಳಿತು ಆ ಯಂತ್ರದ ಜಾಲವಿಳಾಸವನ್ನು ಬದಲಿಸಲು ಹೊರಟರು. ಆಜ್ಞೆ ಕೊಟ್ಟ ಮರುಕ್ಷಣವೇ ಯಂತ್ರ ಮೌನವಾಯಿತು. ಎಷ್ಟು ಕರೆದರೂ ಓಗೊಡಲಿಲ್ಲ. ಅವರು ಶಾಲೆಯ ಜವಾನನಿಗೆ ದೂರವಾಣಿ ಮಾಡಿದರು. ಆತ ಕೋಣೆಯ ಬೀಗ ತೆಗೆದು ನೋಡಿ, “ದೀಪಾ ಹತ್ತೇ ಐತ್ರೀ ಸರ, ನಾ ಏನೂ ಮುಟ್ಟಿಲ್ಲ” ಎಂದನು. ಅಧ್ಯಾಪಕರಿಗೆ ನಂಬಿಕೆ ಬರಲಿಲ್ಲ. ಕಸ ಗುಡಿಸುವಾಗ ತಂತಿ ಸಡಿಲವಾಗಿರಬೇಕೆಂದು ಅವರು ಮುಖ್ಯೋಪಾಧ್ಯಾಯರಿಗೆ ತಿಳಿಸಿದರು. ಮುಖ್ಯೋಪಾಧ್ಯಾಯರು ಜವಾನನನ್ನು ಕರೆದು ಗದರಿದರು.

ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಅಧ್ಯಾಪಕರು ಒಂದು ಹಳೆಯ ಮಾನಿಟರನ್ನು ಚಾದರದಲ್ಲಿ ಸುತ್ತಿ, ಕೀಲಿಮಣೆಯೊಂದನ್ನು ಚೀಲದಲ್ಲಿ ಇರಿಸಿಕೊಂಡು, ವಿಜಯಪುರದವರೆಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್ಸು ಹಿಡಿದು ಶಾಲೆ ಸೇರಿದರು. ತಂತಿಗಳೆಲ್ಲ ಭದ್ರವಾಗಿಯೇ ಇದ್ದವು. ಪರದೆ ಜೋಡಿಸಿ ನೋಡಲಾಗಿ, ಶಾಲೆಯ ಜಾಲದ ವಿಳಾಸಗಳು 192.168.10 ಎಂದು ಮೊದಲಾಗಬೇಕಾಗಿದ್ದಲ್ಲಿ ಅವರೇ 192.168.1 ಎಂದು ಬರೆದಿದ್ದರು. ಬಿಟ್ಟುಹೋದುದು ಒಂದು ಸೊನ್ನೆ. ಎರಡು ನಿಮಿಷದಲ್ಲಿ ತಪ್ಪು ತಿದ್ದಲ್ಪಟ್ಟಿತು. “ಏನಾಗಿತ್ತು?” ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಅಧ್ಯಾಪಕರು “ಈಗ ಸರಿಯಾಯಿತು” ಎಂದಷ್ಟೇ ಹೇಳಿದರು. ಯಂತ್ರದ ಕೋಣೆಯ ದಾಖಲೆ ಪುಸ್ತಕದಲ್ಲಿ ‘ಜವಾನನ ಅಜಾಗರೂಕತೆಯಿಂದ ತಂತಿ ಸಡಿಲವಾಗಿ ಸರ್ವರ್ ನಿಂತಿತ್ತು; ಸರಿಪಡಿಸಲಾಗಿದೆ’ ಎಂದು ಬರೆದುಕೊಳ್ಳಲಾಯಿತು. ಅದರ ಕೆಳಗೆ ಅಧ್ಯಾಪಕರು ಸಹಿ ಮಾಡಿದರು. ಜವಾನ ಅವರ ಚೀಲವನ್ನು ಬಸ್ ನಿಲ್ದಾಣದವರೆಗೆ ಹೊತ್ತು ತಂದು, ಒಂದು ಮಾತೂ ಆಡದೆ ಹಿಂದಿರುಗಿದನು.

ಆ ಪ್ರಯಾಣದಿಂದ ಅಧ್ಯಾಪಕರು ಯಂತ್ರದ ಮಟ್ಟಿಗೆ ಮೂರು ಪಾಠಗಳನ್ನು ಕಲಿತರು. ಒಂದೇ ಬಾಗಿಲಿರುವ ಮನೆಯ ಬೀಗದ ಕೈ ಒಳಗೇ ಉಳಿದರೆ ಗತಿಯಿಲ್ಲ. ಆದುದರಿಂದ ಶಾಲೆಯ ಕಚೇರಿಯ ಗಣಕವನ್ನೂ ದೂರದಿಂದ ತಲಪುವಂತೆ ಅಣಿಮಾಡಿ, ಶಾಲೆಯ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸವನ್ನೂ ಅದಕ್ಕೇ ವಹಿಸಿದರು. ಎರಡನೆಯದಾಗಿ, ಸರ್ವರಿನ ಮೂಲ ಸಿದ್ಧತೆಯಲ್ಲಿ, ಡಿಸ್ಕಿನಲ್ಲಿ ಏನೂ ದೊರೆಯದಿದ್ದರೆ ಜಾಲದಿಂದ ಆರಂಭವಾಗುವಂತೆ ವಿಧಿಸಿದರು. ಮೂರನೆಯದು ಸ್ವಲ್ಪ ನಗೆ ತರಿಸುವಂಥದು. ಆ ಯಂತ್ರ ಪ್ರತಿ ಸಲ ಎಚ್ಚರಗೊಳ್ಳುವಾಗಲೂ ಕೀಲಿಮಣೆಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ‘ಕೀಲಿಮಣೆ ಕಾಣುತ್ತಿಲ್ಲ, ಮುಂದುವರಿಯಲು ಎಫ್1 ಕೀಲಿಯನ್ನು ಒತ್ತಿ’ ಎಂದು ಕಾಣದ ಪರದೆಯ ಮೇಲೆ ಬರೆದು, ಇಲ್ಲದ ಕೀಲಿಗಾಗಿ ಕಾದು ನಿಲ್ಲುತ್ತಿತ್ತು. ಆ ಹಟವನ್ನೂ ಅವರು ಬಿಡಿಸಿದರು. ಯಂತ್ರವು ಕಲಿಸದೆ ಉಳಿಸಿದ ನಾಲ್ಕನೆಯ ಪಾಠವೊಂದಿತ್ತು. ಅದಕ್ಕೆ ಮೂರು ವರ್ಷ ಕಾಯಬೇಕಾಯಿತು.

2024ರ ಮೇ ತಿಂಗಳಲ್ಲಿ ಸರ್ವರಿನ ಡಿಸ್ಕು ಸತ್ತುಹೋಯಿತು. ಪುಸ್ತಕಗಳ ಪಟ್ಟಿಯ ಪ್ರತಿಯೊಂದು ವಾರಕ್ಕೊಮ್ಮೆ ಧಾರವಾಡಕ್ಕೆ ಬಂದು ಸೇರುತ್ತಿದ್ದುದರಿಂದ ಮಕ್ಕಳ ಶ್ರಮ ಉಳಿದಿತ್ತು. ವಿಜಯಪುರದ ಅಂಗಡಿಯವನೊಬ್ಬ ಬಂದು ಹೊಸ ಡಿಸ್ಕನ್ನು ಜೋಡಿಸಿ ಹೋದನು. ಅದು ಬರಿಯ ಹಲಗೆಯಂತೆ ಖಾಲಿಯಾಗಿತ್ತು. ಶಾಲೆ ತೆರೆಯುವುದಕ್ಕೆ ನಾಲ್ಕು ದಿನ ಮಾತ್ರ ಉಳಿದಿತ್ತು. ಅಧ್ಯಾಪಕರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ, ಬಸ್ ಪ್ರಯಾಣ ಕೂಡದೆಂದು ವೈದ್ಯರು ವಿಧಿಸಿದ್ದರು. ಕಚೇರಿಯ ಗಣಕದ ಪರದೆ ಯಂತ್ರದೊಡನೆ ಒಂದಾಗಿ ಕೂಡಿದ್ದರಿಂದ ಅದನ್ನು ಬಿಡಿಸಿ ಸರ್ವರಿಗೆ ಜೋಡಿಸುವಂತಿರಲಿಲ್ಲ. ಹೀಗಾಗಿ ಉಳಿದ ದಾರಿ ಒಂದೇ: ಜಾಲದ ಮೂಲಕ ಹೂಡುವುದು. ಕೋಣೆಯಲ್ಲಿ ನಿಂತು ಗುಂಡಿ ಒತ್ತಿ, ದೀಪ ನೋಡಿ ಹೇಳಬಲ್ಲವನು ಆ ಜವಾನನೊಬ್ಬನೇ.

ಖಾಲಿ ಡಿಸ್ಕಿನ ಯಂತ್ರವೊಂದು ಜಾಲದಿಂದ ಹೇಗೆ ಎಚ್ಚರಗೊಳ್ಳುತ್ತದೆಂಬುದು ತಿಳಿಯಬೇಕಾದ ಸಂಗತಿಯೇ ಸರಿ. ಆ ಗಳಿಗೆಯಲ್ಲಿ ಯಂತ್ರಕ್ಕೆ ತನ್ನ ವಿಳಾಸ ತಿಳಿಯದು, ನೆರೆಯವರ ವಿಳಾಸವೂ ತಿಳಿಯದು. ಅದಕ್ಕೆ ತಿಳಿದಿರುವುದು ಒಂದೇ: ತಯಾರಕರು ಅದರ ಜಾಲಕಾರ್ಡಿನಲ್ಲಿ ಅಚ್ಚೊತ್ತಿ ಕಳಿಸಿರುವ, ಹನ್ನೆರಡು ಅಕ್ಷರಾಂಕಗಳ ಒಂದು ಗುರುತು. ಆ ಗುರುತನ್ನು ಮುಂದಿಟ್ಟು ಅದು ಜಾಲದಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕೂಗುತ್ತದೆ: ‘ಇಂಥ ಗುರುತಿನವನು ನಾನು, ನನ್ನ ವಿಳಾಸವೇನು? ನನ್ನನ್ನು ಎಬ್ಬಿಸುವ ಕಡತ ಎಲ್ಲಿದೆ?’ ಬಲ್ಲವರು ಯಾರಾದರೂ ಇದ್ದರೆ ಉತ್ತರ ಕೊಡುತ್ತಾರೆ. ಈ ಪ್ರಶ್ನೋತ್ತರದ ಕ್ರಮವನ್ನು 1985ರ ಸೆಪ್ಟೆಂಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾನ್ ಗಿಲ್ಮೋರ್ ಅವರು ‘ಬೂಟ್‌ಪಿ’ ಎಂಬ ಹೆಸರಿನಲ್ಲಿ ನಿರೂಪಿಸಿದರು. ಡಿಸ್ಕೇ ಇಲ್ಲದ ಗಣಕಗಳು ಆಗ ಬಳಕೆಗೆ ಬರುತ್ತಿದ್ದವು. ಅವುಗಳಿಗಾಗಿ ಹುಟ್ಟಿದ ಏರ್ಪಾಡು ಇದು. 1993ರಲ್ಲಿ ರಾಲ್ಫ್ ಡ್ರೋಮ್ಸ್ ಅವರ ನಿರೂಪಣೆಯ ಮೂಲಕ ಇದೇ ಕ್ರಮ ಬೆಳೆದು ‘ಡಿಎಚ್‌ಸಿಪಿ’ ಆಯಿತು. ಇಂದು ಮನೆಮನೆಯ ಮೊಬೈಲ್ ಫೋನು ವೈಫೈ ಜಾಲವನ್ನು ಸೇರುವಾಗ ವಿಳಾಸ ಪಡೆಯುವುದು ಇದೇ ಕ್ರಮದಿಂದ.

ವಿಳಾಸ ದೊರೆತ ಮೇಲೆ ಕಡತ ಬರಬೇಕು. ಅದನ್ನು ತರುವ ‘ಟಿಎಫ್‌ಟಿಪಿ’ ಎಂಬ ಕ್ರಮವನ್ನು ಕ್ಯಾರನ್ ಸೋಲಿನ್ಸ್ ಅವರು 1981ರಲ್ಲಿ ನಿರೂಪಿಸಿದರು. ಅದರಷ್ಟು ಸರಳವಾದ ಒಪ್ಪಂದ ಇನ್ನೊಂದಿರಲಾರದು. ಕೊಡುವವನು ಕಡತವನ್ನು 512 ಬೈಟುಗಳ ತುಂಡುಗಳಾಗಿ ಕತ್ತರಿಸಿ, ಒಂದಕ್ಕೊಂದು ಸಂಖ್ಯೆ ಹಾಕಿ ಕಳಿಸುತ್ತಾನೆ. ಪಡೆಯುವವನು ಒಂದೊಂದು ತುಂಡಿಗೂ ‘ಮುಟ್ಟಿತು’ ಎನ್ನಬೇಕು. ‘ಮುಟ್ಟಿತು’ ಎಂಬ ಮಾತು ಬಾರದೆ ಮುಂದಿನ ತುಂಡು ಹೊರಡುವುದಿಲ್ಲ. 512ಕ್ಕಿಂತ ಚಿಕ್ಕದಾದ ತುಂಡು ಬಂದರೆ ಕಡತ ಮುಗಿಯಿತೆಂದು ಅರ್ಥ. ಕಡತಗಳು ಹಿರಿದಾದಂತೆ, ಇಬ್ಬರೂ ಮೊದಲೇ ಒಪ್ಪಿ ತುಂಡಿನ ಗಾತ್ರವನ್ನು ಹೆಚ್ಚಿಸಿಕೊಳ್ಳುವ ಅವಕಾಶ 1990ರ ದಶಕದಲ್ಲಿ ಸೇರಿತು. ಕೇಳಿ, ಕೊಟ್ಟು, ಮುಟ್ಟಿತೆನ್ನುವ ಮೂಲ ಕ್ರಮ ಮಾತ್ರ ಬದಲಾಗಲಿಲ್ಲ. ಈ ಬಿಡಿ ಕ್ರಮಗಳನ್ನೆಲ್ಲ ಒಟ್ಟುಗೂಡಿಸಿ, ಸಾಮಾನ್ಯ ಗಣಕದ ಮೂಲ ಸಿದ್ಧತೆಯಲ್ಲಿಯೇ ಅಡಕವಾಗುವಂತೆ ಇಂಟೆಲ್ ಸಂಸ್ಥೆ ರೂಪಿಸಿದುದು ‘ಪಿಎಕ್ಸ್‌ಇ’, ಅದರ 2.1ನೆಯ ಆವೃತ್ತಿ 1999ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು.

ಅಧ್ಯಾಪಕರು ಹೂಡಲು ಆರಿಸಿಕೊಂಡುದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೆಯ ಆವೃತ್ತಿ. ಇಯಾನ್ ಮರ್ಡಾಕ್ ಎಂಬ ತರುಣ ವಿದ್ಯಾರ್ಥಿ 1993ರ ಆಗಸ್ಟಿನಲ್ಲಿ ಆರಂಭಿಸಿದ, ಲೋಕದ ನಾನಾ ಕಡೆಯ ಸ್ವಯಂಸೇವಕರು ಬೆಳೆಸಿಕೊಂಡು ಬಂದ ವ್ಯವಸ್ಥೆ ಅದು. ಅದನ್ನು ಹೂಡುವ ಕಾರ್ಯಕ್ರಮದಲ್ಲಿ ‘ನೆಟ್‌ವರ್ಕ್ ಕನ್ಸೋಲ್’ ಎಂಬುದೊಂದು ಅಂಗವಿದೆ. ಪರದೆಯ ಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಅದು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದ ಮೂಲಕ ದೂರದಲ್ಲಿರುವವನ ಮುಂದೆ ತಂದಿಡುತ್ತದೆ. ಜಾಲದಲ್ಲಿ ಸಾಗುವ ಗುಪ್ತಪದಗಳನ್ನು ನಡುವೆ ಯಾರೋ ಕದ್ದು ಓದಿದ ಪ್ರಸಂಗವೊಂದು ತಮ್ಮ ವಿಶ್ವವಿದ್ಯಾಲಯದಲ್ಲಿ ನಡೆದುದರಿಂದ, ಫಿನ್ಲೆಂಡಿನ ತತು ಯ್ಲೋನೆನ್ ಎಂಬವರು 1995ರಲ್ಲಿ ರಚಿಸಿದ ಸಾಧನ ಈ ಎಸ್‌ಎಸ್‌ಎಚ್. ಆದರೆ ಇಲ್ಲೊಂದು ತೊಡಕುಂಟು. ಆ ಸಂಪರ್ಕ ಏರ್ಪಡುವುದಕ್ಕೆ ಮುಂಚೆಯೇ ಭಾಷೆ ಯಾವುದು, ಕೀಲಿಮಣೆ ಯಾವ ಬಗೆಯದು, ಜಾಲದ ವಿಳಾಸವೇನು ಎಂಬ ಕೆಲವು ಪ್ರಶ್ನೆಗಳು ಬರುತ್ತವೆ. ಅವು ಕಾಣದ ಪರದೆಯ ಮೇಲೆ ಮೂಡಿ ಅಲ್ಲಿಯೇ ನಿಂತರೆ ಕೆಲಸ ಮುಂದೆ ಸಾಗದು. ಅದಕ್ಕಾಗಿ, ಕೇಳಬಹುದಾದ ಪ್ರಶ್ನೆಗಳನ್ನು ಮೊದಲೇ ಊಹಿಸಿ ಉತ್ತರಗಳನ್ನು ಒಂದು ಕಡತದಲ್ಲಿ ಬರೆದಿಡಬೇಕು. ಪರೀಕ್ಷಕನ ಮುಂದೆ ತಾನು ಹಾಜರಿರುವುದಿಲ್ಲವೆಂದು ತಿಳಿದು ಉತ್ತರಪತ್ರಿಕೆಯನ್ನು ಮೊದಲೇ ಬರೆದು ಕಳಿಸುವ ವಿದ್ಯಾರ್ಥಿಯ ಪಾಡು ಇದು.

ಅಧ್ಯಾಪಕರು ಒಂದು ದಿನವನ್ನು ಈ ಸಿದ್ಧತೆಗೇ ಮೀಸಲಿಟ್ಟರು. ಒಂದು ಟಿಪ್ಪಣಿ ಪುಸ್ತಕದಲ್ಲಿ ವಿಳಾಸಗಳನ್ನು ಬರೆದು, ಈ ಸಲ ಪ್ರತಿಯೊಂದು ಸೊನ್ನೆಯನ್ನೂ ಬೆರಳಿಟ್ಟು ಎಣಿಸಿದರು. ಹೂಡುವ ಕಡತಗಳನ್ನು ಕಚೇರಿಯ ಗಣಕಕ್ಕೆ ಇಳಿಸಿ, ಅವುಗಳ 64 ಅಕ್ಷರಾಂಕಗಳ ಮೊತ್ತದ ಗುರುತು ಡೆಬಿಯನ್ನಿನವರು ಪ್ರಕಟಿಸಿದ ಗುರುತಿನೊಡನೆ ಸರಿಹೋಗುವುದೇ ಎಂದು ತಾಳೆ ನೋಡಿದರು. ತಮ್ಮ ಮನೆಯ ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ, ಮಾತುಕತೆಯೆಲ್ಲ ಕಚೇರಿಯ ಗಣಕದಲ್ಲಿಯೇ ನಡೆದು, ತಾವು ಬೇಕಾದಾಗ ಬಂದು ಅದನ್ನು ಕೂಡಿಕೊಳ್ಳುವಂತೆ ಅಣಿಗೊಳಿಸಿದರು.

ಮರುದಿನ ಬೆಳಿಗ್ಗೆ ಜವಾನ ಕೋಣೆಯಿಂದ ದೂರವಾಣಿ ಮಾಡಿದನು. ಸರ್ವರಿನ ಹಿಂಬದಿಯ ಚೀಟಿಯಲ್ಲಿದ್ದ ಹನ್ನೆರಡು ಅಕ್ಷರಾಂಕಗಳನ್ನು ಓದಿ ಹೇಳುವಂತೆ ಅಧ್ಯಾಪಕರು ಕೇಳಿದರು. ಚೀಟಿ ಮಾಸಿತ್ತು. ಆತ ಮೊಬೈಲಿನ ಬೆಳಕು ಹಿಡಿದು ಒಂದೊಂದಾಗಿ ಓದಿದನು, ಇವರು ಬರೆದುಕೊಂಡರು. ಆ ಗುರುತನ್ನೇ ಹೆಸರಾಗಿಟ್ಟು ಕಚೇರಿಯ ಗಣಕದಲ್ಲಿ ಒಂದು ಕಡತವನ್ನು ರಚಿಸಿದರು. ‘ಈ ಗುರುತಿನವನು ಬಂದರೆ ಹೂಡುವ ಕಾರ್ಯಕ್ರಮವನ್ನು ಕೊಡು, ಬೇರೆ ಯಾರೇ ಬಂದರೂ ಅವರವರ ಡಿಸ್ಕಿನಿಂದಲೇ ಎದ್ದುಕೊಳ್ಳಲು ಹೇಳು’ ಎಂಬುದು ಏರ್ಪಾಡು. ಬಳಿಕ ಗುಂಡಿ ಒತ್ತಲು ಹೇಳಿದರು. ಪಂಖ ತಿರುಗಿದ ಸದ್ದು ದೂರವಾಣಿಯಲ್ಲಿ ಕೇಳಿಸಿತು. ಜಾಲದ ತಂತಿಯ ಬಳಿಯ ದೀಪ ಕೆಲವು ಸಲ ಮಿಣುಕಿತೆಂದೂ ಆಮೇಲೆ ಸುಮ್ಮನಾಯಿತೆಂದೂ ಆತ ತಿಳಿಸಿದನು. ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಯಂತ್ರ ಮಾತಾಡಲಿಲ್ಲ.

ಅಧ್ಯಾಪಕರ ಮನಸ್ಸು ಮೊದಲು ಓಡಿದುದು ಚೀಟಿಯ ಕಡೆಗೆ. ಹತ್ತನೆಯ ಸ್ಥಾನದಲ್ಲಿ ಆತ ‘ಎಂಟು’ ಎಂದಿದ್ದನು. ಮಾಸಿದ ಇಂಗ್ಲಿಷ್ ಅಚ್ಚಿನಲ್ಲಿ ಎಂಟಕ್ಕೂ ‘ಬಿ’ ಅಕ್ಷರಕ್ಕೂ ಹೆಚ್ಚಿನ ಅಂತರವಿಲ್ಲ. “ಅದು ಬಿ ಇರಬೇಕು, ಸರಿಯಾಗಿ ನೋಡು” ಎಂದರು. “ಇಲ್ರೀ ಸರ, ಎಂಟೇ ಐತಿ. ಎರಡ್ ಸಲ ನೋಡೀನಿ” ಎಂದು ಉತ್ತರ ಬಂದಿತು. ಅಧ್ಯಾಪಕರು ಉತ್ತರವನ್ನು ಕೇಳಿಸಿಕೊಂಡರೂ ಒಪ್ಪಿಕೊಳ್ಳಲಿಲ್ಲ. ಕಡತದ ಹೆಸರಿನಲ್ಲಿ ಎಂಟನ್ನು ಅಳಿಸಿ ‘ಬಿ’ ಎಂದು ತಿದ್ದಿ, ಮತ್ತೆ ಗುಂಡಿ ಒತ್ತಿಸಿದರು. ದೀಪ ಮತ್ತೆ ಮಿಣುಕಿತು, ಮತ್ತೆ ಸುಮ್ಮನಾಯಿತು.

ಆಗ ಅವರು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದರು. ಕಚೇರಿಯ ಗಣಕವು ಬರೆದಿಟ್ಟುಕೊಳ್ಳುತ್ತಿದ್ದ ದಿನಚರಿಯನ್ನು ತೆರೆದು ಓದಿದರು. ಅಲ್ಲಿ ಸರ್ವರ್ ತನ್ನ ಕೂಗನ್ನು ಸ್ಪಷ್ಟವಾಗಿ ದಾಖಲಿಸಿತ್ತು. ಅದು ಕೂಗಿತ್ತು, ವಿಳಾಸ ಪಡೆದಿತ್ತು, ಮೊದಲ ಕಡತವನ್ನೂ ಪಡೆದಿತ್ತು. ಅನಂತರ ತನ್ನ ಗುರುತಿನ ಹೆಸರುಳ್ಳ ಕಡತಕ್ಕಾಗಿ ಕೇಳಿತ್ತು. ಅದು ದೊರೆಯದೆ, ತನ್ನ ವಿಳಾಸದ ಹೆಸರಿನಿಂದ ಕೇಳಿ, ಆ ಹೆಸರಿನ ಒಂದೊಂದೇ ಅಕ್ಷರವನ್ನು ಕಡಿಮೆ ಮಾಡುತ್ತ ಮತ್ತೆ ಮತ್ತೆ ಕೇಳಿ, ಕೊನೆಗೆ ಎಲ್ಲರಿಗಾಗಿ ಇರಿಸಿದ ಸಾಮಾನ್ಯ ಕಡತವನ್ನು ಪಡೆದು, ಅದು ಹೇಳಿದಂತೆ ಖಾಲಿ ಡಿಸ್ಕಿನ ಕಡೆಗೆ ತಿರುಗಿ ನಿಂತುಬಿಟ್ಟಿತ್ತು. ಆ ಗುರುತಿನ ಹತ್ತನೆಯ ಸ್ಥಾನದಲ್ಲಿ ಎಂಟೇ ಇತ್ತು. ಜವಾನ ಓದಿದ ಹನ್ನೆರಡೂ ಸರಿಯಾಗಿದ್ದವು. ತಪ್ಪಿದ್ದುದು ಬೇರೆಡೆ: ಕಡತದ ಹೆಸರಿನ ಇಂಗ್ಲಿಷ್ ಅಕ್ಷರಗಳು ಸಣ್ಣಕ್ಷರಗಳಾಗಿರಬೇಕೆಂಬ ನಿಯಮವಿದ್ದರೂ ಅಧ್ಯಾಪಕರು, ಚೀಟಿಯಲ್ಲಿರುವ ಕ್ರಮವನ್ನು ನೆನೆದು, ದೊಡ್ಡಕ್ಷರಗಳಲ್ಲಿ ಬರೆದಿದ್ದರು. ಲಿನಕ್ಸಿನ ಕಣ್ಣಿಗೆ ಅವೆರಡೂ ಬೇರೆ ಬೇರೆ ಹೆಸರುಗಳು.

ದಿನಚರಿಯ ಮುಂದೆ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಮೂರು ವರ್ಷಗಳ ಹಿಂದೆ ಒಂದು ಸೊನ್ನೆ. ಇಂದು ಅಕ್ಷರದ ಒಂದು ಆಕಾರ. ಎರಡು ಸಲವೂ ತಪ್ಪು ಬರೆದ ಕೈ ಒಂದೇ. ಎರಡು ಸಲವೂ ಕಂಡುದನ್ನು ಕಂಡಂತೆ ಹೇಳಿದ ನಾಲಿಗೆಯೂ ಒಂದೇ. ಕಾಣದ ತುದಿಯಲ್ಲಿರುವವನ ಮೇಲೆ ದೋಷ ಹೊರಿಸುವುದು ಎಷ್ಟು ಸುಲಭ! ಆತ ಎದುರಿಗೆ ಇರುವುದಿಲ್ಲ. ತನ್ನ ಪರವಾಗಿ ತೋರಿಸಲು ಆತನ ಬಳಿ ಮಾತಿನ ಹೊರತು ಬೇರೆ ಸಾಕ್ಷಿಯಿರುವುದಿಲ್ಲ. ಯಂತ್ರಕ್ಕಾದರೋ ದಿನಚರಿಯುಂಟು.

ಹೆಸರನ್ನು ತಿದ್ದಿ ಮೂರನೆಯ ಸಲ ಗುಂಡಿ ಒತ್ತಿಸಿದಾಗ ದೀಪ ನಿಲ್ಲದೆ ಮಿಣುಕತೊಡಗಿತು. ತುಂಡುಗಳು ಹೋದವು, ‘ಮುಟ್ಟಿತು, ಮುಟ್ಟಿತು’ ಎಂಬ ಉತ್ತರಗಳು ಬಂದವು. ಕೆಲವು ನಿಮಿಷಗಳಲ್ಲಿ ಯಂತ್ರ ಎಸ್‌ಎಸ್‌ಎಚ್ ಬಾಗಿಲು ತೆರೆಯಿತು; ಮೊದಲೇ ಬರೆದಿಟ್ಟ ಗುಪ್ತಪದದೊಡನೆ ಅಧ್ಯಾಪಕರು ಒಳಹೊಕ್ಕರು. ಅಲ್ಲಿಂದ ಮುಂದಿನದು ಪರಿಚಿತವಾದ ಹಾದಿ. ಡಿಸ್ಕನ್ನು ಭಾಗ ಮಾಡುವುದು, ಮೂಲಭಾಗವನ್ನು ಇಳಿಸುವುದು, ಬಳಕೆದಾರರನ್ನು ಹೆಸರಿಸುವುದು. ನಡುವೆ ಒಮ್ಮೆ ಧಾರವಾಡದ ಮನೆಯಲ್ಲಿ ಇಂಟರ್ನೆಟ್ ಕಡಿದುಹೋಯಿತು. ಸಂಪರ್ಕ ಮರಳಿ ಬಂದಾಗ, ಕಚೇರಿಯ ಗಣಕದಲ್ಲಿ ಮಾತುಕತೆ ನಿಂತ ಜಾಗದಲ್ಲಿ ನಿಂತಿರದೆ ಬಹುದೂರ ಸಾಗಿತ್ತು.

ಕೊನೆಗೆ, ಯಾವ ಯಾವ ತಂತ್ರಾಂಶಗಳು ಬೇಕೆಂಬ ಪಟ್ಟಿ ಬಂದಿತು. ಪರದೆಯಿರುವ ಗಣಕದ ಮುಂದೆ ಕುಳಿತವನು ಈ ಪಟ್ಟಿಯನ್ನು ಅಷ್ಟಾಗಿ ಗಮನಿಸದೆ ದಾಟಬಹುದು. ಪರದೆಯಿಲ್ಲದ ಯಂತ್ರದ ಮಟ್ಟಿಗೆ ಅದರಲ್ಲಿನ ‘ಎಸ್‌ಎಸ್‌ಎಚ್ ಸರ್ವರ್’ ಎಂಬ ಒಂದು ಸಾಲೇ ಜೀವಾಳ. ಇಲ್ಲಿಯವರೆಗೆ ತೆರೆದಿದ್ದ ಬಾಗಿಲು ಹೂಡುವ ಕಾರ್ಯಕ್ರಮಕ್ಕೆ ಸೇರಿದುದು. ಅದು ಮುಗಿದೊಡನೆ ಆ ಬಾಗಿಲೂ ಮುಗಿಯುತ್ತದೆ. ಹೊಸ ವ್ಯವಸ್ಥೆಗೆ ತನ್ನದೇ ಬಾಗಿಲನ್ನು ಇರಿಸಲು ಮರೆತರೆ, ಎಲ್ಲವೂ ಸರಿಯಾಗಿ ನಡೆಯುತ್ತಿರುವ, ಆದರೆ ಯಾರೂ ಒಳಹೋಗಲಾಗದ ಮನೆಯೊಂದು ಕಟ್ಟಿದಂತಾಗುತ್ತದೆ. ಅಧ್ಯಾಪಕರು ಆ ಸಾಲಿಗೆ ಗುರುತು ಹಾಕಿ, ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಗುರುತು ಇದೆಯೆಂದು ನೋಡಿಕೊಂಡರು.

ಬಳಿಕ ಯಂತ್ರ ತಾನಾಗಿ ಮರಳಿ ಆರಂಭಗೊಳ್ಳುವ ಗಳಿಗೆ ಬಂದಿತು. ಬಾಗಿಲು ಮುಚ್ಚಿತು. ಈ ಮೌನಕ್ಕೂ ಹಿಂದಿನ ಮೌನಗಳಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಸೋತ ಯಂತ್ರವೂ ಹೀಗೆಯೇ ಸುಮ್ಮನಿರುತ್ತದೆ, ಗೆಲ್ಲುವ ಯಂತ್ರವೂ ಮೊದಲ ಕೆಲವು ಗಳಿಗೆ ಹೀಗೆಯೇ ಸುಮ್ಮನಿರುತ್ತದೆ. ಮಾಡಬಹುದಾದುದೆಲ್ಲ ಮೊದಲೇ ಮಾಡಿ ಮುಗಿದಿರುತ್ತದೆ. ಈಗ ಕೈಯಲ್ಲಿ ಕೆಲಸವಿರುವುದಿಲ್ಲ. ಅಧ್ಯಾಪಕರು “ಏನು ಕಾಣುತ್ತದೆ?” ಎಂದು ಕೇಳಿದರು. “ದೀಪಾ ಆರೇತ್ರೀ... ಹಾಂ, ಹತ್ತಿತು. ಮಿಣಕಾಕ್ ಹತ್ತೇತಿ ಸರ” ಎಂದನು ಜವಾನ. ಅಧ್ಯಾಪಕರು ಈ ಸಲ ಮರುಪ್ರಶ್ನೆ ಹಾಕಲಿಲ್ಲ. ಒಂದು ನಿಮಿಷದ ತರುವಾಯ ಯಂತ್ರ ಓಗೊಟ್ಟಿತು.

ಒಳಹೋಗಲು ಯತ್ನಿಸಿದಾಗ ಎಸ್‌ಎಸ್‌ಎಚ್ ಒಂದು ದೊಡ್ಡ ಎಚ್ಚರಿಕೆ ಕೊಟ್ಟಿತು: ಈ ವಿಳಾಸದಲ್ಲಿರುವ ಯಂತ್ರದ ಗುರುತು ಹಿಂದಿನಂತಿಲ್ಲ, ನಡುವೆ ಯಾರಾದರೂ ಮೋಸ ಮಾಡುತ್ತಿರಬಹುದು ಎಂದು. ಇದು ಸಹಜವೇ. ಅದೇ ವಿಳಾಸದಲ್ಲಿ ಮೊದಲು ಇದ್ದುದು ಹೂಡುವ ಕಾರ್ಯಕ್ರಮ, ಈಗ ಇರುವುದು ಹೊಸದಾಗಿ ಹುಟ್ಟಿದ ವ್ಯವಸ್ಥೆ. ಇಬ್ಬರ ಗುರುತೂ ಬೇರೆ. ಹಳೆಯ ಗುರುತನ್ನು ಅಳಿಸಿ, ಹೊಸದನ್ನು ಬರೆದುಕೊಂಡರೆ ಆಯಿತು. ಆದರೂ ಕಾರಣ ತಿಳಿದು ಅಳಿಸುವುದಕ್ಕೂ ಅಭ್ಯಾಸಬಲದಿಂದ ಅಳಿಸುವುದಕ್ಕೂ ಅಂತರವುಂಟೆಂದು ಅಧ್ಯಾಪಕರು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಅಂದು ತಾವೂ ಕಾರಣವನ್ನು ಮನಸ್ಸಿನಲ್ಲಿ ಹೇಳಿಕೊಂಡೇ ಅಳಿಸಿದರು. ಸಂಜೆಯ ಹೊತ್ತಿಗೆ ಕೋಹಾ ಸಿದ್ಧವಾಗಿ, ಪುಸ್ತಕಗಳ ಪಟ್ಟಿ ಧಾರವಾಡದಿಂದ ಹಿಂದಿರುಗಿ ತನ್ನ ಮನೆ ಸೇರಿತು.

ಕೋಣೆಗೆ ಬೀಗ ಹಾಕಬಹುದೇ ಎಂದು ಜವಾನ ಕೇಳಿದಾಗ ಅಧ್ಯಾಪಕರು ತಡೆದರು. 2021ರಲ್ಲಿ ಆದುದು ತಂತಿಯ ದೋಷವಲ್ಲವೆಂದೂ, ತಾವು ಒಂದು ಸೊನ್ನೆ ಬಿಟ್ಟು ಬರೆದುದೇ ಅದಕ್ಕೆ ಕಾರಣವೆಂದೂ, ಅದು ಗೊತ್ತಾದ ಮೇಲೆಯೂ ಸುಮ್ಮನಿದ್ದುದು ತಪ್ಪೆಂದೂ ಹೇಳಿದರು. ಇಂದು ಎಂಟನ್ನು ‘ಬಿ’ ಮಾಡಲು ಹೋದುದನ್ನೂ ಹೇಳಿದರು. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅನಂತರ ಆತ, “ಆತು ಬಿಡ್ರಿ ಸರ. ಹೆಡ್ ಮಾಸ್ತರ್ರಿಗೂ ಒಂದ್ ಮಾತ್ ಹೇಳ್ರಿ” ಎಂದನು.

ಕ್ಷಮೆ ಕೇಳುವವನು ಸಾಮಾನ್ಯವಾಗಿ ತನ್ನ ಮನಸ್ಸು ಹಗುರಾದೊಡನೆ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಆದರೆ ತಪ್ಪು ನಡೆದು ದಾಖಲಾದ ಜಾಗ ಬೇರೆ. ಅಲ್ಲಿ ಅದು ತಿದ್ದಲ್ಪಡದೆ ಹೊರೆ ಹೊತ್ತವನ ಹೆಗಲು ಹಗುರಾಗದು. ಅಧ್ಯಾಪಕರು ಅಂದೇ ಮುಖ್ಯೋಪಾಧ್ಯಾಯರಿಗೆ ದೂರವಾಣಿಯಲ್ಲಿ ಎಲ್ಲವನ್ನೂ ತಿಳಿಸಿ, ಒಂದು ಕಾಗದವನ್ನೂ ಬರೆದು ಅಂಚೆಗೆ ಹಾಕಿದರು. ಆ ಕಾಗದವನ್ನು ಯಂತ್ರದ ಕೋಣೆಯ ದಾಖಲೆ ಪುಸ್ತಕದಲ್ಲಿ, 2021ರ ಆ ಸಾಲಿನ ಪಕ್ಕಕ್ಕೆ ಅಂಟಿಸಲಾಗಿದೆ. ಅದರಲ್ಲಿ ಹೆಚ್ಚಿನ ಮಾತಿಲ್ಲ. ‘ತಂತಿ ಸಡಿಲವಾಗಿರಲಿಲ್ಲ. ವಿಳಾಸವನ್ನು ನಾನು ತಪ್ಪಾಗಿ ಬರೆದಿದ್ದೆನು. ಕೋಣೆಯಲ್ಲಿದ್ದವರು ಹೇಳಿದುದು ನಿಜವಾಗಿತ್ತು’ ಎಂಬ ಮೂರು ವಾಕ್ಯಗಳು, ಕೆಳಗೆ ದಿನಾಂಕ ಮತ್ತು ಸಹಿ.

ಶಾಲೆ ತೆರೆದ ದಿನ ಮಕ್ಕಳು ಎಂದಿನಂತೆ ಗ್ರಂಥಾಲಯಕ್ಕೆ ಬಂದು ಪುಸ್ತಕಗಳ ಹೆಸರನ್ನು ಹುಡುಕಿ ತೆಗೆದುಕೊಂಡು ಹೋದರು. ಬೀಗದ ಕೋಣೆಯಲ್ಲಿನ ಯಂತ್ರ ಹೊಸದಾಗಿ ಹುಟ್ಟಿದೆಯೆಂಬುದು ಅವರಿಗೆ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಆ ಕೋಣೆಯ ಬೀಗದ ಕೈ ಈಗ ಜವಾನನ ಬಳಿಯಲ್ಲಿಯೇ ಇರುತ್ತದೆ. ಕೋಣೆಯಲ್ಲಿ ಏನಾದರೂ ಆದರೆ ಧಾರವಾಡದಿಂದ ಬರುವ ಮೊದಲ ಪ್ರಶ್ನೆ, “ಏನು ಮುಟ್ಟಿದೆ?” ಎಂಬುದಲ್ಲ, “ಏನು ಕಾಣುತ್ತದೆ?” ಎಂಬುದು.